ಸೌಟಿನ ಕಡಿವಾಣ

ಈಚಿನವರೆಗೆ ನೀವು ಯಾವತ್ತಾದರೂ ಹೊಸಪೇಟೆಯ ನಮ್ಮ ಮನೆಗೆ ಬಂದು, ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಇಣುಕಿದ್ದರೆ, ಒಲೆಯ ಪಕ್ಕದ ಗೋಡೆಯ ಮೇಲೆ ಒಂದು ವಿಚಿತ್ರ ವಸ್ತು ಕಾಣುತ್ತಿತ್ತು. ಎರಡು ಕಬ್ಬಿಣದ ಬಳೆಗಳು, ಅವುಗಳ ನಡುವೆ ಕೊಂಡಿ ಹಾಕಿ ಜೋಡಿಸಿದ ಗೇಣುದ್ದದ ಕಂಬಿ. ಒಂದು ಬಳೆಯಲ್ಲಿ ಸಾರಿನ ಸೌಟು ನೇತಾಡುತ್ತಿತ್ತು, ಇನ್ನೊಂದರಲ್ಲಿ ಬಜ್ಜಿ ಎತ್ತುವ ಜಾರೆ. ಕಂಬಿಯ ಮೇಲೆ ನನ್ನ ಹೆಂಡತಿ ಸರೋಜಾ ಮಸಿಬಟ್ಟೆ ಒಣಹಾಕುತ್ತಿದ್ದಳು. ಒಮ್ಮೆ ಬಂದಿದ್ದ ನೆಂಟರ ಹೆಂಗಸೊಬ್ಬರು ಅದನ್ನು ಬಹಳ ಮೆಚ್ಚಿಕೊಂಡು, "ಮಸ್ತ್ ಐತ್ರಿ, ಆನ್‌ಲೈನ್‌ನಾಗ ತರಿಸಿದ್ರೇನು?" ಎಂದು ಕೇಳಿದರು. ಅದು ಕುದುರೆಯ ಕಡಿವಾಣ, ಸೌಟಿಗೆ ಬರುವ ಮೊದಲು ಬಹಳ ವರ್ಷ ಒಂದು ಕುದುರೆಯ ಬಾಯಲ್ಲಿತ್ತು ಎಂದು ನಾನು ಹೇಳಿದೆ. ಆಮೇಲೆ ಅವರು ಸಾರನ್ನು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ನಾವು ಜಟಕಾದವರು. ಇದು ನಮ್ಮ ಮನೆತನದ ಹೆಸರಲ್ಲ, ಆದರೆ ಓಣಿಯಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಗುರುತು ಹೇಳುತ್ತಾರೆ. ಅಪ್ಪ ಸ್ಟೇಷನ್ನಿನ ಮುಂದೆ ಜಟಕಾ ನಿಲ್ಲಿಸಿಕೊಂಡು, ರೈಲು ಇಳಿದವರನ್ನು ಊರೊಳಗೆ, ಕಮಲಾಪುರಕ್ಕೆ, ಹಂಪಿಗೆ ಕರೆದೊಯ್ಯುತ್ತಿದ್ದ. ಅವನಪ್ಪನೂ ಅದನ್ನೇ ಮಾಡಿದವನು. ನಾನು ಮಾತ್ರ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದೆ, ಆದರೂ ಹುಡುಗರು ನನ್ನನ್ನು ಜಟಕಾ ಮಾಸ್ತರ್ ಎಂದೇ ಕರೆಯುತ್ತಿದ್ದರು. ಕುದುರೆಯ ಮನೆಯಲ್ಲಿ ಹುಟ್ಟಿಯೂ ನಾನು ಈವರೆಗೆ ಕುದುರೆ ಏರಿದವನಲ್ಲ. ಏರುವುದಿರಲಿ, ಹೆಂಡತಿಯ ತವರಾದ ಸಂಡೂರಿಗೆ ಹೋಗುವಾಗ ಘಟ್ಟದ ತಿರುವುಗಳಲ್ಲಿ ನನಗೆ ಕಿಟಕಿಯ ಪಕ್ಕದ ಸೀಟೂ ಕೈಯಲ್ಲೊಂದು ನಿಂಬೆಹಣ್ಣೂ ಬೇಕೇ ಬೇಕು. ಇದನ್ನು ನೋಡಲು ಅಜ್ಜ ಇರಲಿಲ್ಲವಲ್ಲ ಎಂದು ಎಷ್ಟೋ ಸಲ ಸಮಾಧಾನಪಟ್ಟಿದ್ದೇನೆ.

ಜಟಕಾ ಹೋಗಿ ಎಷ್ಟೋ ಕಾಲವಾಯಿತು, ಅದರ ಮಾತು ಮಾತ್ರ ಮನೆ ಬಿಟ್ಟು ಹೋಗಿಲ್ಲ. ಅದಕ್ಕೆ ಕಾರಣ ನಮ್ಮವ್ವ. ಅವ್ವನಿಗೆ ಈಗ ವಯಸ್ಸಾಗಿದೆ, ಮೊಣಕಾಲು ಕೇಳುವುದಿಲ್ಲ, ನಾಲಿಗೆಗೆ ಏನೂ ಆಗಿಲ್ಲ. ನಾವು ಚೀಲ ಬೆನ್ನಿಗೇರಿಸಿ ಶಾಲೆಗೆ ಹೊರಟರೆ "ಜೀನು ಬಿಗೀತಾ?" ಎನ್ನುತ್ತಿದ್ದಳು. ಸಂಜೆ ಬಂದು ಬಟ್ಟೆ ಬದಲಿಸಿದರೆ ಜೀನು ಇಳಿಸಿದ ಹಾಗೆ. ಜ್ವರ ಬಂದು ಊಟ ಸೇರದಿದ್ದರೆ "ಹುಡುಗ ಹುರುಳಿ ಬಿಟ್ಟಾನ" ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಹೊಸ ಚಪ್ಪಲಿ ತಂದರೆ ಲಾಳ ಹೊಡೆಸಿಕೊಂಡು ಬಂದಂತೆ. ಬೀದಿಯಲ್ಲಿ ಎದುರಾದರೂ ಮಾತಾಡಿಸದೆ ಹೋದವನ ಕಣ್ಣಿಗೆ ಪಟ್ಟಿ ಕಟ್ಟಿರುತ್ತಿತ್ತು. ಯಾರ ಮಾತನ್ನೂ ಕೇಳದವನು ಕಡಿವಾಣ ಕಚ್ಚಿದವನು, ಯಾಕೆಂದರೆ ಕಂಬಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ ಕುದುರೆಗೆ ನೀವು ಎಷ್ಟು ಲಗಾಮು ಎಳೆದರೂ ಅಷ್ಟೇ. ನಾನು ಬೆಳೆದದ್ದೇ ಈ ಭಾಷೆಯಲ್ಲಿ. ಎಲ್ಲರ ಮನೆಯಲ್ಲೂ ಹೀಗೇ ಮಾತಾಡುತ್ತಾರೆ ಎಂದು ಬಹಳ ದಿನ ನಂಬಿದ್ದೆ.

ಹಾಗಲ್ಲ ಎಂದು ಗೊತ್ತಾದದ್ದು ಮದುವೆಯಾದ ಮೇಲೆ. ಸರೋಜಾ ನಮ್ಮ ಮನೆಗೆ ಬಂದ ಎರಡನೆಯ ದಿನವೋ ಮೂರನೆಯ ದಿನವೋ, ಅವ್ವ ಹಿತ್ತಲಲ್ಲಿ ಯಾರಿಗೋ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. "ಹೊಸದು, ಇನ್ನೂ ಬೆದರತೈತಿ. ಸ್ವಲ್ಪ ದಿನ ನಾನಽ ಕೈಯಿಂದ ಹುಲ್ಲು ಹಾಕಬೇಕು. ಮನಿ ವಾಸನಿ ಹಿಡಿದ ಮ್ಯಾಲ ಚಿಂತಿಲ್ಲ." ನನ್ನ ಮಾವ ಸಂಡೂರಿನಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದವರು. ಅಂಥ ಮನೆಯ ಮಗಳು ಹುಲ್ಲಿನ ಸುದ್ದಿ ಕೇಳಿ ರಾತ್ರಿಯೆಲ್ಲ ಮುಖ ಆ ಕಡೆ ತಿರುಗಿಸಿ ಮಲಗಿದಳು. ಆದರೆ ಅವ್ವ ಹೇಳಿದಂತೆಯೇ ಮಾಡಿದಳು. ಬಹಳ ದಿನಗಳವರೆಗೆ ಸರೋಜಾಳ ತಟ್ಟೆಗೆ ತಾನೇ ಬಡಿಸಿ, ಮೊದಲ ತುತ್ತನ್ನು ತಾನೇ ಕಲಸಿ ಕೊಟ್ಟು, ಅವಳು ತಿನ್ನುವವರೆಗೆ ಎದುರಿಗೆ ಕೂತಿರುತ್ತಿದ್ದಳು. ಈಗ ಸರೋಜಾಳೇ ಆ ಕಥೆಯನ್ನು ಎಲ್ಲರಿಗೂ ಹೇಳುತ್ತಾಳೆ.

ಅವ್ವನಿಗೆ ಪತ್ರಿಕೆ ಓದಿ ಹೇಳುವುದು ನನ್ನ ಬೆಳಗಿನ ಕೆಲಸ. ನಮ್ಮ ಪತ್ರಿಕೆಗಳವರು ಕುದುರೆಗಳನ್ನು ನೋಡಿದ್ದಾರೋ ಇಲ್ಲವೋ, ಕುದುರೆಯ ಸಾಮಾನನ್ನಂತೂ ಧಾರಾಳವಾಗಿ ಬಳಸುತ್ತಾರೆ. "ಬೆಲೆ ಏರಿಕೆಗೆ ಕಡಿವಾಣ" ಎಂದು ಓದಿದರೆ ಅವ್ವ ಹಲ್ಲಿಲ್ಲದ ಬಾಯಲ್ಲಿ ನಗುತ್ತಾಳೆ. "ಬೆಲಿಗೆ ಬಾಯಿ ಎಲ್ಲೈತಿ ಹಾಕಾಕ?" ಟಿವಿಯವರು ಇನ್ನೂ ಮುಂದೆ ಹೋದವರು. ಒಮ್ಮೆ ಸರ್ಕಾರ ಬೀಳುತ್ತದೋ ಉಳಿಯುತ್ತದೋ ಎನ್ನುವಂತಿದ್ದಾಗ, ರಾಜಧಾನಿಯಲ್ಲಿ ಕುದುರೆ ವ್ಯಾಪಾರ ಜೋರಾಗಿದೆ ಎಂದು ದಿನವಿಡೀ ಕೂಗಿದರು. ಅವ್ವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಆಸಕ್ತಿಯಿಂದ ಕೂತಳು. ಬಹಳ ಹೊತ್ತಾದರೂ ತೆರೆಯ ಮೇಲೆ ಬಿಳಿ ಅಂಗಿಯ ಗಂಡಸರೇ ಬಂದು ಹೋದರು.

"ಕುದುರಿ ಯಾವಾಗ ತೋರಸ್ತಾರೋ?" ಎಂದು ಕೇಳಿದಳು.

"ಇವರಽ ಕುದುರಿ, ಅವ್ವಾ" ಎಂದೆ.

ಅವಳು ತೆರೆಯನ್ನು ಚೆನ್ನಾಗಿ ದಿಟ್ಟಿಸಿದಳು. "ತಗೊಳ್ಳೋರು ಹಲ್ಲು ನೋಡ್ಯಾರೇನು?" ಎಂದಳು. ಕುದುರೆಯ ವಯಸ್ಸು ಹಲ್ಲಿನಲ್ಲಿ ತಿಳಿಯುತ್ತದೆ, ಹಲ್ಲು ನೋಡದೆ ಕುದುರೆ ಕೊಂಡವರನ್ನು ಜಟಕಾದ ಮನೆಯಲ್ಲಿ ಯಾರೂ ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ಸಲ ಪಾಪಿನಾಯಕನಹಳ್ಳಿಯ ನೆಂಟರ ತೋಟಕ್ಕೆ ಹೋಗಿದ್ದೆವು. ಅವರು ಹೊಸ ಪಂಪ್‌ಸೆಟ್ ತೋರಿಸುತ್ತ, ಇದು ಐದು ಎಚ್‌ಪಿ, ಅಂದರೆ ಐದು ಕುದುರೆಯ ಶಕ್ತಿ ಎಂದು ವಿವರಿಸಿದರು. ಅವ್ವ ಮೋಟರಿನ ಸುತ್ತ ಒಂದು ಸುತ್ತು ಬಂದಳು. "ಯಾವ ಕುದುರಿ ಲೆಕ್ಕರೀ? ಉಂಡಿದ್ದೋ, ಉಪಾಸ ಇದ್ದಿದ್ದೋ?" ನೆಂಟರು ನನ್ನ ಮುಖ ನೋಡಿದರು. ನಾನು ಕನ್ನಡ ಮೇಷ್ಟ್ರು, ಅದು ವಿಜ್ಞಾನದ ಪ್ರಶ್ನೆ, ಹೀಗಾಗಿ ಬಾಳೆಗೊನೆಯ ಕಡೆ ನೋಡಿದೆ.

ಕನ್ನಡ ಮೇಷ್ಟ್ರೆಂದ ಮೇಲೆ ನಾಗಾಲೋಟದ ವಿಷಯ ಹೇಳಲೇಬೇಕು. ಹುಡುಗನಾಗಿದ್ದಾಗ ಆ ಪದ ಕೇಳಿದರೆ ನನ್ನ ಕಣ್ಣಮುಂದೆ ಒಂದು ನಾಗರಹಾವು ಹೆಡೆಯೆತ್ತಿಕೊಂಡು ರಸ್ತೆಯಲ್ಲಿ ಓಡುತ್ತಿತ್ತು. ಅದು ನಾಲ್ಕು ಕಾಲಿನ ಓಟ, ನಾಲ್ಕು ಕಾಲನ್ನೂ ನೆಲದಿಂದ ಎತ್ತಿ ಓಡುವುದು ಎಂದು ಗುರುಗಳು ಬಿಡಿಸಿ ಹೇಳಿದ ದಿನ ಮನೆಗೆ ಓಡಿಬಂದು ಅಪ್ಪನಿಗೆ ವರದಿ ಒಪ್ಪಿಸಿದೆ. ನಮ್ಮ ಕುದುರೆಗೂ ನಾಗಾಲೋಟ ಬರುತ್ತದೆಯೇ ಎಂದು ಕೇಳಿದೆ. ಅಪ್ಪ ಬೀಡಿಯ ಹೊಗೆಯ ನಡುವೆ ನಕ್ಕ. "ಬರತೈತಿ, ನಾ ಬಿಡೂದಿಲ್ಲ. ಜಟಕಾದಾಗ ಕುದುರಿ ನಾಕೂ ಕಾಲು ಎತ್ತಿದ್ರ ಪ್ಯಾಸೆಂಜರ್ ಎರಡೂ ಕಾಲು ಎತ್ತತಾರ. ನಮಗ ದುಲ್ಕಿ ಸಾಕು." ದುಲ್ಕಿ ಎಂದರೆ ಕುಲುಕುತ್ತ ಒಂದೇ ಹದದಲ್ಲಿ ಓಡುವ ನಡೆ. ಕೂತವರ ಮೈಗೆ ತೂಗಿದಂತಾಗುತ್ತದೆ, ಮಕ್ಕಳಾದರೆ ಕಮಲಾಪುರ ಬರುವುದರೊಳಗೆ ನಿದ್ದೆ ಹೋಗುತ್ತಾರೆ. ನನಗೆ ಈಗಲೂ ಚೆನ್ನಾಗಿ ನಿದ್ದೆ ಬರುವುದು ಪ್ಯಾಸೆಂಜರ್ ರೈಲಿನಲ್ಲಿ.

ಅವ್ವನ ಇನ್ನೊಂದು ಅಭ್ಯಾಸವನ್ನು ಮರೆಯುವ ಮುನ್ನ ಹೇಳಿಬಿಡುತ್ತೇನೆ. ಯಾವ ಗಾಡಿಯಲ್ಲಿ ಕೂತರೂ ಅವಳು ನಾಲಿಗೆಯನ್ನು ಅಂಗುಳಿಗೆ ಒತ್ತಿ ಟ್ಲಕ್ ಟ್ಲಕ್ ಎಂದು ಸದ್ದು ಮಾಡುತ್ತಾಳೆ. ಕುದುರೆಗೆ ಹೊರಡು ಎಂದು ಹೇಳುವ ಸದ್ದು ಅದು. ಬಸ್ಸಾಗಲಿ, ಆಟೋ ಆಗಲಿ, ರೈಲಾಗಲಿ, ಅವಳು ಹೇಳದೆ ಹೊರಡಕೂಡದು. ಒಮ್ಮೆ ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿದವಳು ಟ್ಲಕ್ ಎಂದಾಗ, ಮುಂದಿನ ಸೀಟಿನ ಪೈಲ್ವಾನನಂಥ ಮನುಷ್ಯ ತಿರುಗಿ ನೋಡಿದ. ಅವ್ವ ಅವನಿಗೂ "ನಡಿ ನಡಿ" ಎಂದಳು.

ಇನ್ನು ಆ ಕಡಿವಾಣ ಯಾರ ಬಾಯಲ್ಲಿತ್ತೋ ಅವಳ ವಿಷಯ. ಅವಳು ಎಂದೇ ಬರೆಯಬೇಕು, ಅದು ಎಂದರೆ ಅವ್ವ ಮುನಿಸಿಕೊಳ್ಳುತ್ತಾಳೆ. ಹೆಸರು ಕಸ್ತೂರಿ. ಅಪ್ಪನ ಕೊನೆಯ ಕುದುರೆ. ಮೈಯೆಲ್ಲ ಎಣ್ಣೆ ಸವರಿದಂತೆ ಕಪ್ಪು, ಹಣೆಯಲ್ಲಿ ಮಾತ್ರ ಒಂದು ಬಿಳಿ ಚುಕ್ಕೆ. ಹಂಪಿಯ ದಾರಿಯಲ್ಲಿ ಅನಂತಶಯನಗುಡಿ ಬಂದರೆ ಸಾಕು, ಯಾರೂ ಹೇಳದೆ ನಿಂತುಬಿಡುತ್ತಿದ್ದಳು. ಅಲ್ಲಿ ಬೇವಿನ ಮರದ ನೆರಳಿತ್ತು, ನೀರಿತ್ತು. ಒಳಗೆ ಎಂಥ ಗಡಿಬಿಡಿಯ ಪ್ಯಾಸೆಂಜರು ಕೂತಿದ್ದರೂ, ನೀರು ಕುಡಿದು, ಮೂಗು ಒದರಿ, ನಾಲ್ಕು ಸಲ ತಲೆಯಾಡಿಸಿದ ಮೇಲೆಯೇ ಮುಂದಿನ ಹೆಜ್ಜೆ. ಅಪ್ಪ ಅವಳ ಮೇಲೆ ಚಾಬೂಕು ಎತ್ತಿದ್ದನ್ನು ನಾನು ನೋಡಿಲ್ಲ. ಚಾಬೂಕು ಇತ್ತು, ಅವ್ವ ಅದರಿಂದ ಹಿತ್ತಲಿನ ಜೇಡರಬಲೆ ತೆಗೆಯುತ್ತಿದ್ದಳು.

ಹಂಪಿಯಲ್ಲಿ ಮಹಾನವಮಿ ದಿಬ್ಬದ ಗೋಡೆಯ ಮೇಲೆ ಸಾಲು ಸಾಲು ಕುದುರೆಗಳಿವೆಯಲ್ಲ, ಕಲ್ಲಿನವು. ಪ್ರವಾಸಿಗರು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವ್ವನಿಗೆ ಅವು ಒಂದೂ ಮನಸ್ಸಿಗೆ ಬಂದಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದಾಗ ಒಂದೊಂದನ್ನೂ ಪರೀಕ್ಷಿಸಿ, ಇದರ ಹೊಟ್ಟೆ ಇಳಿದಿದೆ, ಇದರ ಹಿಂಗಾಲು ಸರಿಯಿಲ್ಲ ಎಂದು ತೀರ್ಪು ಕೊಡುತ್ತ ಬಂದು, ಕೊನೆಗೆ ಹೊರಗೆ ಮರದ ಕೆಳಗೆ ನಿಂತಿದ್ದ ಕಸ್ತೂರಿಯ ಕತ್ತು ತಟ್ಟಿ, "ನೋಡು, ಇದು ಕುದುರಿ" ಎಂದಿದ್ದಳು. ಆಟೋಗಳು ಬಂದು ಜಟಕಾ ಮೂಲೆ ಸೇರಿದ ಮೇಲೂ ಕಸ್ತೂರಿ ನಮ್ಮ ಹಿತ್ತಲಲ್ಲೇ ಮುದಿಯಾದಳು. ಅವಳು ಸತ್ತ ದಿನ ಅವ್ವ ಒಲೆ ಹಚ್ಚಲಿಲ್ಲ. ಮರುದಿನ ಕಡಿವಾಣವನ್ನು ಬೂದಿ ಹಾಕಿ ತಿಕ್ಕಿ ತೊಳೆದು ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದಳು. ದೇವರ ಮನೆಯಲ್ಲಿ ಇಡಬೇಕೆಂದಿದ್ದಳಂತೆ, ಅಲ್ಲಿ ಜಾಗವಿರಲಿಲ್ಲ.

ಇದೆಲ್ಲ ಆಗಿ ಎಷ್ಟೋ ವರ್ಷಗಳ ಮೇಲೆ ನಮಗೆ ಮಗಳು ಹುಟ್ಟಿದಳು. ಆಸ್ಪತ್ರೆಯಲ್ಲಿ ಮಗುವನ್ನು ಅವ್ವನ ಕೈಗಿತ್ತರು. ಕಪ್ಪಗೆ, ತಲೆತುಂಬ ಕೂದಲು, ಬಟ್ಟೆಯೊಳಗಿಂದ ಎರಡೂ ಕಾಲು ಝಾಡಿಸುತ್ತಿತ್ತು. ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ, ಯಾರೋ ದೂರದೂರಿನಿಂದ ಬಂದವರನ್ನು ಬರಮಾಡಿಕೊಳ್ಳುವ ದನಿಯಲ್ಲಿ, "ಬಂದ್ಯಾ ಕಸ್ತೂರಿ?" ಎಂದಳು. ಅಷ್ಟೇ, ಹೆಸರು ಆಗಿಹೋಯಿತು. ಸಂಡೂರಿನ ಮಾವನವರಿಗೆ ಹೆಸರು ಬಹಳ ಹಿಡಿಸಿತು. ದೇವರ ಹಣೆಯ ಕಸ್ತೂರಿ ತಿಲಕ, ಎಷ್ಟು ಸಂಸ್ಕಾರದ ಹೆಸರು ಎಂದು ಬೀಗಿದರು. ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ, ಇಬ್ಬರೂ ಪೇಡೆ ತಿಂದೆವು.

ಸರೋಜಾಳಿಗೆ ನಿಜ ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ತಿಳಿದ ಮೇಲೆ ನಗಲೂ ಇಲ್ಲ, ಸಿಟ್ಟೂ ಆಗಲಿಲ್ಲ. ಮಗಳಿಗೆ ಮಾತ್ರ ಯಾವತ್ತೂ ಹೇಳಕೂಡದು ಎಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಳು. ಅದಕ್ಕೆ ಕಾರಣವಿತ್ತು. ನಮ್ಮ ಕಡೆ ಹೆಣ್ಣುಮಗುವಿನ ಬಣ್ಣದ ಬಗ್ಗೆ ಬೀದಿಯವರೆಲ್ಲ ಮಾತಾಡುತ್ತಾರೆ. ಕಪ್ಪು ಎನ್ನಲು ಸಂಕೋಚ, ಆದ್ದರಿಂದ ಇಂಗ್ಲಿಷಿನಲ್ಲಿ "ಹುಡುಗಿ ಸ್ವಲ್ಪ ಡಾರ್ಕ್ ಅಲ್ಲೇನ್ರೀ" ಎನ್ನುತ್ತಾರೆ. ಕಸ್ತೂರಿ ಶಾಲೆಯಿಂದ ಎಷ್ಟೋ ದಿನ ಆ ಒಂದು ಪದವನ್ನು ಹೊತ್ತುಕೊಂಡು ಅಳುತ್ತ ಬಂದಿದ್ದಳು. ಅಂಥ ಹುಡುಗಿಗೆ, ನಿನಗಿಟ್ಟದ್ದು ಕಪ್ಪು ಕುದುರೆಯ ಹೆಸರು ಎಂದು ಗೊತ್ತಾದರೆ ಹೇಗೆ? ಅಳುತ್ತ ಬಂದಾಗಲೆಲ್ಲ ಸರೋಜಾ ದೇವರ ಹಣೆಯ ತಿಲಕವನ್ನೇ ತೋರಿಸಿ ಸಮಾಧಾನ ಮಾಡುತ್ತಿದ್ದಳು. ಪಾಪ, ಅವ್ವನೂ ಬಾಯಿ ಬಿಡಲಿಲ್ಲ. ಅವಳ ಬಾಯಿಗೆ ಯಾರಾದರೂ ಕಡಿವಾಣ ಹಾಕಿದ್ದರೆ ಅದು ಸರೋಜಾ ಒಬ್ಬಳೇ.

ಮಗಳು ಓದಿ ಇಂಜಿನಿಯರ್ ಆದಳು. ಕುರೆಕುಪ್ಪದ ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕಾರು ಕೊಂಡಳು, ನಮ್ಮ ಮನೆಯಲ್ಲಿ ಅಪ್ಪನ ನಂತರ ಗಾಡಿ ಹೊಡೆಯುವವಳು ಅವಳೇ. ಅಲ್ಲಿಯೇ ಕೆಲಸ ಮಾಡುವ ಕಂಪ್ಲಿಯ ವಿನಯ ಎಂಬ ಹುಡುಗನನ್ನು ಮೆಚ್ಚಿಕೊಂಡಿರುವುದಾಗಿ ಒಂದು ದಿನ ರೊಟ್ಟಿ ತಿನ್ನುತ್ತ ಹೇಳಿದಳು. ಹುಡುಗ ಒಳ್ಳೆಯವನು, ಕಣ್ಣು ನೆಟ್ಟಗಿಟ್ಟು ಮಾತಾಡುತ್ತಾನೆ. ಅವನ ಅಪ್ಪ ಅಮ್ಮ ಒಂದು ಭಾನುವಾರ ಶಾಸ್ತ್ರಕ್ಕೆಂದು ನಮ್ಮ ಮನೆಗೆ ಬರುವುದೆಂದು ಮಾತಾಯಿತು.

ಬೀಗರಾಗುವ ಶೇಖರಪ್ಪನವರನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡ ಆಳು, ದೊಡ್ಡ ದನಿ. ಕಂಪ್ಲಿಯಲ್ಲಿ ಅಕ್ಕಿ ವ್ಯಾಪಾರ. ವ್ಯಾಪಾರದ ಮೇಲೆ ಆಗಾಗ ಬೆಂಗಳೂರಿಗೆ ಹೋಗುತ್ತಿದ್ದವರು ಯಾರೋ ಸ್ನೇಹಿತರೊಂದಿಗೆ ರೇಸು ನೋಡಿ ಬಂದಿದ್ದರಂತೆ. ಅವರಿಗೆ ಬಾಜಿಯ ಚಟವಿಲ್ಲ, ರೇಸಿನ ಮಾತಿನ ಚಟ ಮಾತ್ರ ಹತ್ತಿದೆ. ಬಂದು ಚಪ್ಪಲಿ ಬಿಡುವಾಗಲೇ, "ಸ್ಟಾರ್ಟಿಂಗ್ ಗೇಟಿನಾಗಽ ತಡ ಆತ್ರೀ ಮಾಸ್ತರ್ರ, ನಮ್ಮಕಿ ಸೀರಿ ಆರಸ್ತಿದ್ಲು" ಎಂದರು. ರೈಲ್ವೆ ಗೇಟು ಬೀಳುವುದಕ್ಕೂ ತಮ್ಮ ಕಾರು ದಾಟುವುದಕ್ಕೂ ಫೋಟೋ ಫಿನಿಶ್ ಆಯಿತಂತೆ, ಅಂದರೆ ಯಾರು ಮುಂದೆಂದು ಫೋಟೋ ನೋಡಿಯೇ ಹೇಳಬೇಕು. ಬಸ್ಸೊಂದನ್ನು ಕುತ್ತಿಗೆಯಷ್ಟರಲ್ಲಿ ಹಿಂದೆ ಹಾಕಿದರಂತೆ. ಅವ್ವ ನನ್ನ ಕಿವಿಯಲ್ಲಿ "ಯಾರ ಕುತ್ತಿಗಿ?" ಎಂದಳು. ಎರಡು ಕುದುರೆ ಸರಿಸಮ ಓಡುತ್ತಿರುವಾಗ ಒಂದು ಬರೀ ಕುತ್ತಿಗೆಯಷ್ಟು ಮುಂದಿದ್ದರೂ ಗೆದ್ದಂತೆ ಎಂದು ನಾನು ಪಿಸುಗುಟ್ಟಿದೆ. "ಪ್ಯಾಸೆಂಜರ್ ಇಲ್ಲೇನು?" ಎಂದಳು. ಇಲ್ಲ ಎಂದೆ. ಖಾಲಿ ಓಡುವ ಕುದುರೆಯ ಮೇಲೆ ಅವ್ವನಿಗೆ ಗೌರವ ಕಡಿಮೆಯಾಯಿತು.

ನನಗಂತೂ ಆ ಮನುಷ್ಯನ ಮಾತು ಬಹಳ ಇಷ್ಟವಾಯಿತು. ಒಂದೇ ಪ್ರಾಣಿಯ ಸುತ್ತ ಎರಡು ಭಾಷೆಗಳಿದ್ದು, ನಮ್ಮ ಮನೆಯವರಿಗೆ ಒಂದು ಗೊತ್ತು, ಅವರಿಗೆ ಇನ್ನೊಂದು. ಎರಡೂ ಕಡೆಯವರಿಗೆ ಗೊತ್ತಿದ್ದ ಪದ ಫರ್ಲಾಂಗು ಒಂದೇ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಟ್ಟೆಗೆ ಬಂದವು. ಕಸ್ತೂರಿಯೇ ತಂದುಕೊಟ್ಟು ಅವ್ವನ ಪಕ್ಕದಲ್ಲಿ ಕೂತಳು. ಶೇಖರಪ್ಪನವರು ಮಿರ್ಚಿ ಮುರಿಯುತ್ತ ಮನಸ್ಸು ಬಿಚ್ಚಿ ಮಾತಾಡಿದರು.

"ಖರೇ ಹೇಳ್ತೀನಿ ನೋಡ್ರಿ ಮಾಸ್ತರ್ರ. ಇವನಿಗೆ ಹೆಣ್ಣು ನೋಡಾಕ ಶುರು ಮಾಡಿದಾಗ ನಮ್ಮ ಮನಿಯಾಗ ಫೇವರಿಟ್ ಬ್ಯಾರೆ ಇತ್ತು. ನಮ್ಮಕಿ ತಮ್ಮನ ಮಗಳು. ಎಲ್ಲಾರೂ ಆಕೀನಽ ಅಂದ್ಕೊಂಡಿದ್ವಿ. ಕಡೀ ಫರ್ಲಾಂಗಿನಾಗ ಎಲ್ಲಿಂದ ಬಂದ್ಲೋ ಏನೋ, ಎಲ್ಲಾರನ್ನೂ ಹಿಂದ ಹಾಕಿ ಬಂದಽ ಬಿಟ್ಲು. ನಿಮ್ಮ ಕಸ್ತೂರಿ ಡಾರ್ಕ್ ಹಾರ್ಸ್ ರೀ, ಡಾರ್ಕ್ ಹಾರ್ಸ್!"

ಅವರು ಹೊಗಳಿದ್ದೇನೋ ನನಗೆ ತಿಳಿಯಿತು. ಆದರೆ ತಿಳಿಯುವುದು ಒಂದು ಕ್ಷಣ ತಡವಾಯಿತು. ಮೊದಲು ಕಿವಿಗೆ ಬಿದ್ದದ್ದು ಡಾರ್ಕ್ ಎಂಬ ಪದ, ಹಾರ್ಸ್ ಎಂಬ ಪದ, ನಡುವೆ ನನ್ನ ಮಗಳ ಹೆಸರು. ಸರೋಜಾ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಅವ್ವನಿಗೆ ಬರುವ ಇಂಗ್ಲಿಷು ಬಹಳ ಕಡಿಮೆ. ಹಂಪಿಗೆ ಬರುತ್ತಿದ್ದ ಫಾರಿನ್ನಿನವರಿಂದ ಅಪ್ಪನ ಮೂಲಕ ಹಾರ್ಸ್ ಬಂದಿತ್ತು, ಓಣಿಯವರಿಂದ ಡಾರ್ಕ್ ಬಂದಿತ್ತು. ಆ ಹೊತ್ತಿಗೆ ಬೇಕಾದ ಎರಡೂ ಪದ ಅವಳಿಗೆ ಗೊತ್ತಿದ್ದವು.

"ಯಾರ್ ಹೇಳಿದ್ರೀ ನಿಮಗ?" ಎಂದು ಅವ್ವ ಕೇಳಿದಳು.

"ಏನಮ್ಮಾ?"

"ಅದಽ, ಆ ಮಾತು. ನಮ್ಮ ಮನಿ ಒಳಗಿನ ಮಾತು ಕಂಪ್ಲೀ ತನಕ ಹೆಂಗ ಬಂತು?"

ಶೇಖರಪ್ಪನವರು ಗಾಬರಿಯಾಗಿ ಮಿರ್ಚಿ ಕೆಳಗಿಟ್ಟರು. "ಇಲ್ಲಮ್ಮಾ, ಇದು ಎಲ್ಲಾ ಕಡೆ ಅಂತಾರ್ರೀ. ಪೇಪರ್‌ನಾಗೂ ಬರೀತಾರ."

"ಪೇಪರಿಗೂ ಬಂತಾ!" ಎಂದಳು ಅವ್ವ. ನನ್ನ ಕಡೆ ತಿರುಗಿ, "ದಿನಾ ಓದತೀಯಲ್ಲೋ, ಹೇಳಬಾರದಾಗಿತ್ತಾ?" ಎಂದು ಗದರಿದಳು. ನಾನು ಅವಳ ಕೈ ಹಿಡಿದು, ಅವ್ವಾ ತಡಿ, ಅದು ಬೇರೆ ಎನ್ನುವುದರೊಳಗೆ ಅವಳು ಸೆರಗು ಸರಿಮಾಡಿಕೊಂಡು ಬೀಗರ ಕಡೆ ತಿರುಗಿದ್ದಳು.

"ಹೌದ್ರೀ, ಕುದುರಿ ಹೆಸರಽ ಇಟ್ಟೀನಿ. ನಾನಽ ಇಟ್ಟೀನಿ, ಇವರ್ಯಾರೂ ಅಲ್ಲ. ನನ್ನ ಮನಿಯಾಗ ಕಸ್ತೂರಿ ಅಂತ ಒಂದು ಕರೇ ಕುದುರಿ ಇದ್ಲು. ಆಕೀಯಂಥಾ ಜೀವ ನಾ ಮತ್ತೊಂದು ಕಂಡಿರಲಿಲ್ಲ. ಈ ಕೂಸು ಬಂದ ದಿನ ಕಂಡೆ. ಅದಕ್ಕಽ ಇಟ್ಟೆ. ಇಷ್ಟಕ್ಕ ನೀವು ಸಂಬಂಧ ಬ್ಯಾಡ ಅನ್ನೋದಿದ್ರ ಅನ್ರಿ. ಕುದುರಿ ಹೆಸರು ಅಂತ ಮಾತ್ರ ಹೀನಾಯ ಮಾಡಬ್ಯಾಡ್ರಿ."

ಆಗ ನಾನು ಮೇಷ್ಟ್ರ ಕೆಲಸ ಮಾಡಬೇಕಾಯಿತು. ಡಾರ್ಕ್ ಹಾರ್ಸ್ ಎಂದರೆ ಬಣ್ಣದ ಮಾತಲ್ಲ, ಯಾರಿಗೂ ಹೆಚ್ಚು ಗೊತ್ತಿರದ ಕುದುರೆ, ಯಾರೂ ಎಣಿಸದೆ ಇದ್ದಾಗ ಗೆದ್ದುಬಿಡುವಂಥದು, ಅದು ಬಿಳಿಯದೂ ಆಗಿರಬಹುದು ಎಂದು ಅವ್ವನಿಗೆ ಹೇಳಿದೆ. ಆಮೇಲೆ ಈ ಕಡೆ ತಿರುಗಿ ಜಟಕಾದ ಕಥೆಯನ್ನು ಬೀಗರಿಗೆ ಹೇಳಿದೆ. ಶೇಖರಪ್ಪನವರ ಮುಖ ಮೊದಲು ಸಣ್ಣದಾಯಿತು, ಆಮೇಲೆ ಅಗಲವಾಯಿತು, ಆಮೇಲೆ ಅವರು ಹೊಟ್ಟೆ ಹಿಡಿದು ನಕ್ಕರು. ಅವರ ಹೆಂಡತಿ ನಕ್ಕರು, ವಿನಯನೂ ನಕ್ಕ. ಅವ್ವ ನಗುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿ ನಕ್ಕಳು. ನಗದೆ ಇದ್ದವಳು ಕಸ್ತೂರಿ. ಎದ್ದು ಯಾರನ್ನೂ ನೋಡದೆ ಅಡುಗೆಮನೆಗೆ ಹೋದಳು.

ಸಂಬಂಧ ಉಳಿಯಿತು ಎಂಬ ಸಮಾಧಾನ ಎಲ್ಲಿ ಹೋಯಿತೋ. ಬೀಗರು ಒಪ್ಪಿದರೆಷ್ಟು, ಬಿಟ್ಟರೆಷ್ಟು, ನನಗೆ ಬೇಕಾಗಿದ್ದುದು ಆ ಹುಡುಗಿ ನೊಂದುಕೊಳ್ಳಬಾರದು ಎಂಬುದೊಂದೇ. ಇಷ್ಟು ವರ್ಷ ಮುಚ್ಚಿಟ್ಟ ವಿಷಯ ಅವಳಿಗೆ ಗೊತ್ತಾಗಬಾರದ ದಿನವೇ, ಗೊತ್ತಾಗಬಾರದವರ ಎದುರೇ ಗೊತ್ತಾಯಿತಲ್ಲ ಎಂದು ಸಂಕಟವಾಯಿತು. ಒಳಗಿನಿಂದ ಸೌಟು, ಜಾರೆ ನೆಲಕ್ಕೆ ಬಿದ್ದ ಸದ್ದು ಬಂತು. ಸರೋಜಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಕಸ್ತೂರಿ ಹೊರಗೆ ಬಂದಾಗ ಅವಳ ಕೈಯಲ್ಲಿ ಕಡಿವಾಣವಿತ್ತು. ಸೌಟಿನ ಜಿಡ್ಡನ್ನು ದುಪಟ್ಟಾದ ತುದಿಯಿಂದ ಒರೆಸುತ್ತ ಬಂದು ಅವ್ವನ ಮುಂದೆ ಕೂತಳು.

"ಅಜ್ಜೀ, ಇದು ಆಕೀದಾ?"

"ಆಕೀದಽ ಕಂದಾ."

"ಆಕಿ ಹೆಂಗ ಓಡ್ತಿದ್ಲು?"

ಅವ್ವ ಬಾಯಿಂದ ಹೇಳಲಿಲ್ಲ, ತೊಡೆಯ ಮೇಲೆ ಎರಡೂ ಅಂಗೈಯಿಂದ ತಾಳ ಹಾಕಿ ತೋರಿಸಿದಳು. ದುಲ್ಕಿ. ನಿಧಾನವೂ ಅಲ್ಲ, ಜೋರೂ ಅಲ್ಲ, ಸ್ಟೇಷನ್ನಿನಿಂದ ಹಂಪಿಯವರೆಗೆ ಒಂದೇ ಸಮ. ನಾನು ಆ ಸದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಅನಂತಶಯನಗುಡಿ ಬಂತು ಎನ್ನುವಲ್ಲಿ ಅವ್ವ ಕೈ ನಿಲ್ಲಿಸಿದಳು. "ಇಲ್ಲಿ ಮಾತ್ರ ನಿಂದರತಿದ್ಲು. ಅಲ್ಲಿ ಆಕೀ ಮಾತಽ ಮಾತು, ಯಾರು ಹೇಳಿದ್ರೂ ಕೇಳ್ತಿರಲಿಲ್ಲ" ಎಂದಳು.

ಕಸ್ತೂರಿ ಕಡಿವಾಣವನ್ನು ತಿರುಗಿಸಿ ನೋಡುತ್ತಲೇ ನನ್ನ ಕಡೆ, ಸರೋಜಾಳ ಕಡೆ ಕಣ್ಣೆತ್ತಿದಳು. ಕಣ್ಣಲ್ಲಿ ನೀರಿತ್ತು, ಆದರೆ ಶಾಲೆಯಿಂದ ತರುತ್ತಿದ್ದ ನೀರಲ್ಲ ಅದು.

"ಇಷ್ಟು ದಿನ ಹಣಿ ಮ್ಯಾಲ ಸುಮ್ಮನ ಕುಂದರೋದರ ಹೆಸರು ಅಂದ್ಕೊಂಡಿದ್ದೆ" ಎಂದಳು. "ಓಡೋದರ ಹೆಸರು ಅಂತ ಮೊದಲಽ ಹೇಳಬಾರದಾಗಿತ್ತಾ?"

ಸರೋಜಾ ಆರಿದ ಕಾಫಿಯನ್ನು ಬಿಸಿ ಮಾಡಿ ತರುತ್ತೇನೆಂದು ಒಳಗೆ ಹೋಗಿ, ಬರಲು ಬಹಳ ಹೊತ್ತು ಮಾಡಿದಳು. ಅಷ್ಟರಲ್ಲಿ ಶೇಖರಪ್ಪನವರು ಕುರ್ಚಿಯನ್ನು ಅವ್ವನ ಹತ್ತಿರಕ್ಕೆ ಎಳೆದುಕೊಂಡಿದ್ದರು. ಇಷ್ಟು ವರ್ಷ ಕುದುರೆಯ ಮಾತಾಡಿಕೊಂಡು ತಿರುಗಿದ ಆ ಮನುಷ್ಯ ಒಂದು ಕುದುರೆಯನ್ನೂ ಮುಟ್ಟಿಲ್ಲವಂತೆ. ಕಡಿವಾಣವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಇದು ಬಾಯಲ್ಲಿ ಎಲ್ಲಿ ಕೂರುತ್ತದೆ, ನೋಯುವುದಿಲ್ಲವೇ ಎಂದೆಲ್ಲ ಕೇಳಿದರು. ಅವ್ವ ವಿನಯನನ್ನು ಹತ್ತಿರ ಕರೆದು ಬಾಯಿ ತೆರೆಯಲು ಹೇಳಿದಳು. ತೋರಿಸಿ ವಿವರಿಸಲಿಕ್ಕೆ ಎಂದೇ ನಾನು ತಿಳಿದಿದ್ದೇನೆ, ಹಲ್ಲು ನೋಡಲಿಕ್ಕೆ ಅಲ್ಲ.

ಮುಂದಿನ ಭಾನುವಾರ ನಾವು ಕಂಪ್ಲಿಗೆ ಅವರ ಮನೆ ನೋಡಲು ಹೊರಟೆವು. ಈ ಶಾಸ್ತ್ರಕ್ಕೆ ಹುಡುಗಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಹುಡುಗಿ ಬಾರದಿದ್ದರೆ ಕಾರು ಓಡಿಸುವವರಿಲ್ಲ, ನನ್ನ ಯೋಗ್ಯತೆ ನಿಮಗೆ ಆಗಲೇ ತಿಳಿದಿದೆ. ನಾನು ನಿಂಬೆಹಣ್ಣು ಹಿಡಿದು ಮುಂದೆ ಕೂತೆ. ಹಿಂದೆ ಸರೋಜಾ, ಅವ್ವ, ಹಣ್ಣಿನ ಬುಟ್ಟಿ. ಅಡುಗೆಮನೆಯ ಗೋಡೆಯ ಮೇಲೆ ಈಗ ಬರೀ ಮೊಳೆ ಇದೆ ಎಂದು ನನಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಅಲ್ಲಿಂದ ಹೋದದ್ದು ಕಾರಿನ ಕನ್ನಡಿಯ ಕೆಳಗೆ, ಬೇರೆಯವರು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಜಾಗದಲ್ಲಿ ನೇತಾಡುತ್ತಿತ್ತು.

ಕಸ್ತೂರಿ ಬೆಲ್ಟು ಬಿಗಿದಳು, ಕಾರು ಶುರು ಮಾಡಿದಳು, ಗೇರು ಹಾಕಿದಳು. ಆದರೆ ಹೊರಡಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಕನ್ನಡಿಯಲ್ಲಿ ಹಿಂದಿನ ಸೀಟನ್ನೇ ನೋಡುತ್ತ ಕೂತಳು. ಏನಾಯಿತು ಎಂದು ನಾನು ಕೇಳಿದೆ.

"ಅಜ್ಜಿ ಇನ್ನೂ ಹೇಳಿಲ್ಲಲ್ಲ" ಎಂದಳು.

ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದ ಅವ್ವ ತಲೆಯೆತ್ತಿದಳು. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು.

"ಟ್ಲಕ್ ಟ್ಲಕ್" ಎಂದಳು ಅವ್ವ.

ಕಸ್ತೂರಿ ಹೊರಟಳು.